ಕ್ಲೆಮ್‌ನ ಶೆಡ್ಡಿನ ಎರಡು ನೀಲಿ ಬೈಕುಗಳು

ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ ಪೋರ್ಟ್ ಅಗಸ್ಟಾದಿಂದ ಆಲಿಸ್ ಸ್ಪ್ರಿಂಗ್ಸಿಗೆ ಹೋಗುವ ದಾರಿಗೆ ಇನ್ನೂ ಡಾಂಬರು ಬಿದ್ದಿರಲಿಲ್ಲ. ಏಳುನೂರೈವತ್ತು ಮೈಲಿ ಉದ್ದಕ್ಕೂ ಕೆಂಪು ಮಣ್ಣು. ಆ ವರ್ಷ ಮರುಭೂಮಿಗೆ ಎಂದೂ ಬಾರದ ಮಳೆ ಬಂದು ಆ ಮಣ್ಣೆಲ್ಲ ಅಂಟಿನಂಥ ಕೆಸರಾಗಿತ್ತು. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ ಊರಿನಿಂದ ಒಂಬತ್ತು ಮಂದಿ ಬೈಕು ಹತ್ತಿ ಹೊರಟರು. ಎಂಟು ಮಂದಿ ಅಲ್ಲಲ್ಲೇ ಹಿಂತಿರುಗಿದರು. ಮುಟ್ಟಿದವನು ಇಪ್ಪತ್ತೈದು ವರ್ಷದ ಕ್ಲೆಮ್ ನ್ಯಾಂಕಿವೆಲ್ ಒಬ್ಬನೇ. ನಡುದಾರಿಯ ಕೂಬರ್ ಪೀಡಿ ಊರು ದಾಟಿದ ಮೇಲೆ ಅವನ ಆಕ್ಸಿಲರೇಟರ್ ಕೇಬಲ್ ಹಿಡಿಯ ಬುಡದಲ್ಲಿಯೇ ತುಂಡಾಯಿತು. ಉಳಿದ ತಂತಿಯ ತುದಿಯನ್ನು ಇಕ್ಕಳಕ್ಕೆ ಸುತ್ತಿ, ಆ ಇಕ್ಕಳವನ್ನು ಬಲಗೈಯಲ್ಲಿ ಎಳೆದು ಹಿಡಿದು, ಕೊನೆಯ ನಾನೂರು ಮೈಲಿಗಳನ್ನು ಮೂರು ದಿನಗಳಲ್ಲಿ ಕ್ರಮಿಸಿದ. ತಂತಿ ತೋರುಬೆರಳಿನ ಮೂಳೆಯವರೆಗೆ ಕೊರೆದಿತ್ತು. ಆಲಿಸ್‌ನ ಅಂಚೆ ಕಚೇರಿಯಿಂದ ಅವನು ತನ್ನ ಗೆಳತಿ ವೆರ್ನಾಳಿಗೆ ಕಳಿಸಿದ ಟೆಲಿಗ್ರಾಮಿನಲ್ಲಿ ಇದ್ದುದು ನಾಲ್ಕೇ ಪದ: ‘ಮುಟ್ಟಿದೆ. ಕೈ ಉಳಿದಿದೆ. ಕ್ಲೆಮ್.’

ಮರುವರ್ಷ ವೆರ್ನಾ ಅವನನ್ನು ಮದುವೆಯಾದಳು. ಅಂದಿನಿಂದ ಅವರ ಮನೆಯಲ್ಲಿ ಅತಿಥಿಗಳ ಮುಂದೆ ಚಹಾ ಇಳಿಯುವುದಕ್ಕೂ ಆಲಿಸ್‌ನ ಕಥೆ ಆರಂಭವಾಗುವುದಕ್ಕೂ ಹೆಚ್ಚಿನ ಅಂತರವಿರುತ್ತಿರಲಿಲ್ಲ.

“ಶುರುವಾಯ್ತು. ಇನ್ನು ಇವ್ರು ಆಲಿಸ್ ಮುಟ್ಟೋವರ್ಗೂ ನಮಗೆ ಊಟ ಇಲ್ಲ” ಎಂದು ವೆರ್ನಾ ಗೊಣಗುವುದೂ ಕಥೆಯ ಒಂದು ಭಾಗವೇ ಆಗಿಹೋಗಿತ್ತು.

ಮೆಕ್ಯಾನಿಕ್ಕನಾಗಿ ಐವತ್ತು ವರ್ಷ ದುಡಿದು ನಿವೃತ್ತನಾದ ಕ್ಲೆಮ್‌ಗೆ ಈಗ ಎಪ್ಪತ್ತಾರು. ಮನೆಯ ಹಿಂದಿನ ತಗಡಿನ ಶೆಡ್ಡು ಮಾತ್ರ ನಿವೃತ್ತವಾಗಿರಲಿಲ್ಲ. ಅಲ್ಲಿಗೆ ಯಾರ ಬೈಕು ಬಂದರೂ ಅವನು ಮೊದಲು ಮುಟ್ಟುವುದು ಆಕ್ಸಿಲರೇಟರನ್ನೇ. ಅದು ಕೊನೆಯವರೆಗೆ ನಿರಾತಂಕವಾಗಿ ತಿರುಗಬೇಕು, ಬಿಟ್ಟೊಡನೆ ಟಪ್ಪನೆ ಹಿಂದಕ್ಕೆ ಬರಬೇಕು. ಇಲ್ಲವಾದರೆ ಆ ಗಾಡಿಗೆ ರೋಗವಿದೆಯೆಂದೇ ಅವನ ತೀರ್ಮಾನ. ಅವನದು ಇನ್ನೊಂದು ಶಿಸ್ತು. ತಾನು ಬಿಚ್ಚಿ ಬಿಗಿದ ಪ್ರತಿ ಸ್ಕ್ರೂವಿನ ತಲೆಯ ಮೇಲೂ ಸಣ್ಣ ಕುಂಚದಿಂದ ಹಳದಿ ಬಣ್ಣದ ಒಂದು ಗೀರು ಎಳೆಯುತ್ತಿದ್ದ. ಗೀರು ಇದ್ದರೆ ಅದು ಕ್ಲೆಮ್ ಬಿಗಿದದ್ದು, ಸಡಿಲವಾಗದು ಎಂದು ಸುತ್ತಲ ಊರುಗಳಲ್ಲಿ ನಂಬಿಕೆಯಿತ್ತು. ಅದು ಅವನ ರುಜುವಿನಂತೆ.

ಈಗ ಆ ಶೆಡ್ಡಿನಲ್ಲಿ ಎರಡು ನೀಲಿ ಬೈಕುಗಳು ಅಕ್ಕತಂಗಿಯರಂತೆ ನಿಂತಿದ್ದವು. ಎರಡೂ ಒಂದೇ ಕಂಪನಿಯವು, ಆರುನೂರೈವತ್ತು ಸಿಸಿಯವು, ದೂರದ ಪಯಣಕ್ಕೆಂದೇ ಮಾಡಿದವು. ಎದೆಗೆ ಗಾಳಿ ಬಡಿಯದಂತೆ ಮುಂದೆ ಎತ್ತರದ ಗಾಜು, ಹಿಂದೆ ಇಕ್ಕೆಲಗಳಲ್ಲಿ ಪೆಟ್ಟಿಗೆ. ಇಷ್ಟಾದರೂ ತಿರುವಿನಲ್ಲಿ ಪಂದ್ಯದ ಬೈಕಿನಂತೆ ಸಲೀಸಾಗಿ ಬಾಗುವ ಮೈಕಟ್ಟು. ಒಂದು ಕ್ಲೆಮ್‌ನದು, ಪೂರ್ಣ ಶಕ್ತಿಯದು. ಇನ್ನೊಂದು ಮೊಮ್ಮಗಳು ಟ್ಯಾಮ್ಸಿನ್‌ಳದು, ಹೊಸದಾಗಿ ಕಲಿತವರಿಗೆಂದು, ಕಾನೂನಿನ ಪ್ರಕಾರ, ಅದೇ ಕಂಪನಿ ಶಕ್ತಿಯನ್ನು ಕುಗ್ಗಿಸಿ ಮಾರುವ ಗಾಡಿ. ಕಣ್ಣಿಗೆ ಕಾಣುವ ವ್ಯತ್ಯಾಸವೆಂದರೆ ಹ್ಯಾಂಡಲಿನ ಕೆಳಗಿನ ತಗಡಿನಲ್ಲಿ ಕೊರೆದ ಒಂದು ಅಕ್ಷರ ಮತ್ತು ಹೊಸ ಪರವಾನಗಿಯವರ ಗುರುತಾಗಿ ಹಿಂದೆ ಸಿಕ್ಕಿಸಿದ ಕೆಂಪು ‘ಪಿ’ ಫಲಕ ಮಾತ್ರ.

ಇಪ್ಪತ್ತು ವರ್ಷದ ಟ್ಯಾಮ್ಸಿನ್ ಅಜ್ಜಿ ತಾತಂದಿರ ಜೊತೆಗೇ ಇದ್ದಳು. ಮೂಂಟಾ, ಪೋರ್ಟ್ ಹ್ಯೂಸ್, ಪಾಸ್ಕ್‌ವಿಲ್ ಸುತ್ತಿನ ಹೊಲಮನೆಗಳಲ್ಲಿ ಒಂಟಿಯಾಗಿರುವ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಗಾಯ ತೊಳೆದು ಬರುವುದು ಅವಳ ಕೆಲಸ. ದಿನಕ್ಕೆ ಏಳೆಂಟು ಮನೆ, ನೂರೈವತ್ತು ಕಿಲೋಮೀಟರು. ಪರವಾನಗಿ ಹೋದರೆ ಕೆಲಸವೂ ಹೋಗುತ್ತದೆ. ಅಡಿಲೇಡಿನ ಯಾರೋ ಒಬ್ಬನಿಂದ ಸೆಪ್ಟೆಂಬರಿನಲ್ಲಿ ಅವಳು ಆ ಬೈಕನ್ನು ಕೊಂಡು ತಂದ ದಿನವೇ ಕ್ಲೆಮ್ ಅದನ್ನು ತನ್ನ ಗಾಡಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು ಎರಡು ದಿನ ಕುಳಿತ. ಗಾಳಿಯ ಜಾಲರಿ ತೊಳೆದು, ಸರಪಳಿ ಸರಿಪಡಿಸಿ, ಅಕ್ಕನಂತೆಯೇ ತಂಗಿ ಎಂದು ತಾನೇ ಮೆಚ್ಚಿಕೊಂಡ ಮೇಲೆಯೇ ಬೀಗದ ಕೈ ಅವಳಿಗೆ ಸಿಕ್ಕಿತು.

ಸಂಶಯ ಹುಟ್ಟಿದ್ದು ನವೆಂಬರಿನ ಮೊದಲ ಭಾನುವಾರ, ಕುಲ್ಪಾರಾದ ಏರಿನಲ್ಲಿ.

ಮೂಂಟಾದ ಬೈಕು ಕ್ಲಬ್ಬಿನ ಹನ್ನೊಂದು ಮಂದಿ ಪೋರ್ಟ್ ವೇಕ್‌ಫೀಲ್ಡಿನಿಂದ ಮರಳುತ್ತಿದ್ದರು. ಗೋಧಿ ಕೊಯ್ಲಿನ ಕಾಲವಾದ್ದರಿಂದ ವಾಲರೂ ಬಂದರಿಗೆ ಕಾಳು ಹೊತ್ತ ಲಾರಿಗಳು ಏರಿನುದ್ದಕ್ಕೂ ತೆವಳುತ್ತಿದ್ದವು. ಟ್ಯಾಮ್ಸಿನ್‌ಳ ಹಿಂದೆಯೇ ಕ್ಲೆಮ್, ಎಲ್ಲರಿಗಿಂತ ಹಿಂದೆ ಕ್ಲಬ್ಬಿನ ಹಿಂಗಾವಲಿಗ ಬೆವನ್ ಪಾಲ್ಕಿಂಗ್‌ಹಾರ್ನ್. ದಾರಿ ಅಗಲವಾಗುವ ಕಡೆ ಟ್ಯಾಮ್ಸಿನ್ ಬಲಕ್ಕೆ ಸರಿದು ಲಾರಿಯನ್ನು ದಾಟತೊಡಗಿದಳು. ಕ್ಲೆಮ್ ತನ್ನ ಗಾಡಿಯ ಆಕ್ಸಿಲರೇಟರನ್ನು ಪೂರ್ತಿಯಾಗಿ ತಿರುಗಿಸಿದ. ಇನ್ನೇನು ಅವಳ ಬೆನ್ನಿಗೆ ಬಂದುಬಿಡುತ್ತೇನೆ, ನಿಧಾನಿಸಬೇಕಾಗುತ್ತದೆ ಎಂದು ಎಣಿಸಿದ್ದ. ಅಂತರ ಕುಗ್ಗಲೇ ಇಲ್ಲ. ಕುಗ್ಗಿಸಿದ ಶಕ್ತಿಯ ಗಾಡಿ, ಎರಡು ಪೆಟ್ಟಿಗೆ ಹೊತ್ತು, ಅಂಥ ಏರಿನಲ್ಲಿ, ಪೂರ್ಣ ಶಕ್ತಿಯ ಗಾಡಿಗೆ ಸರಿಸಮನಾಗಿ ಏರಿತು. ಅವಳು ಲಾರಿ ದಾಟಿ, ತನ್ನ ಪರವಾನಗಿಯ ವೇಗಮಿತಿಯಾದ ನೂರಕ್ಕೆ ಇಳಿದು, ಏನೂ ಆಗದವಳಂತೆ ಎಡಕ್ಕೆ ಸರಿದಳು.

ಕುಲ್ಪಾರಾದಲ್ಲಿ ನೀರು ಕುಡಿಯಲು ನಿಂತಾಗ ಬೆವನ್ ಶಿರಸ್ತ್ರಾಣವನ್ನು ಕಂಕುಳಲ್ಲಿ ಇರುಕಿಕೊಂಡು ಪಕ್ಕಕ್ಕೆ ಬಂದ.

“ಏನು ಮಾರಾಯ, ನಿನ್ನ ಗಾಡಿಗೆ ವಯಸ್ಸಾಯ್ತೋ, ಇಲ್ಲಾ ಅವಳದಕ್ಕೆ ರೆಕ್ಕೆ ಬಂತೋ?”

“ಗಾಳಿ ಎದುರಿಗಿತ್ತು” ಎಂದ ಕ್ಲೆಮ್.

“ಅವಳಿಗೇನು ಹಿಂದಿನಿಂದ ಬೀಸ್ತಿತ್ತಾ ಗಾಳಿ? ನನ್ನ ಕಣ್ಣಿಗೆ ಮಣ್ಣೆರಚಬೇಡ. ಆ ಗಾಡಿ ಬಿಚ್ಚಿದಾರೆ ಕಣೋ. ಕಟ್ಟಿಟ್ಟ ಶಕ್ತೀನೆಲ್ಲ ಪೂರ್ತಿ ಬಿಚ್ಚಿದಾರೆ.”

“ಯಾರು?”

“ಅದನ್ನ ನೀನು ಹೇಳ್ಬೇಕು. ನಿನ್ನ ಮನೆ, ನಿನ್ನ ಶೆಡ್ಡು.” ಬೆವನ್‌ನ ಮುಖದಲ್ಲಿ ನಗುವಿರಲಿಲ್ಲ. ಅವನ ತಂಗಿಯ ಮಗ ಹೀಗೆಯೇ ಶಕ್ತಿ ಬಿಚ್ಚಿಸಿದ ಗಾಡಿಯಿಂದ ವಿದ್ಯುತ್ ಕಂಬಕ್ಕೆ ಅಪ್ಪಳಿಸಿ ಒಂದು ಕಾಲು ಕಳೆದುಕೊಂಡು ಎರಡು ವರ್ಷವಾಗಿತ್ತು. “ಶುಕ್ರವಾರದವರೆಗೆ ನೋಡ್ತೀನಿ ಕ್ಲೆಮ್. ಅಷ್ಟರೊಳಗೆ ನೀನು ವಿಚಾರಿಸಿ ಸರಿ ಮಾಡಿಸು. ಇಲ್ಲಾಂದ್ರೆ ನಾನೇ ಕಡೀನಾ ಠಾಣೆಗೆ ಹೋಗಿ ಹೇಳ್ತೀನಿ. ಪರವಾನಗಿ ಹೋದ್ರೆ ಹೋಗ್ಲಿ, ಕಾಲು ಉಳಿಯುತ್ತೆ.”

ಮನೆಗೆ ಬಂದ ಕ್ಲೆಮ್ ಯಾರನ್ನೂ ಏನನ್ನೂ ಕೇಳಲಿಲ್ಲ. ಕೇಳುವ ಬದಲು ನೋಡತೊಡಗಿದ.

ಸೋಮವಾರ ಅವನ ಸಂಶಯ ಅಡಿಲೇಡಿನ ಮಾರಾಟಗಾರನ ಮೇಲಿತ್ತು. ಟ್ಯಾಮ್ಸಿನ್ ಕೆಲಸಕ್ಕೆ ಹೋದ ಮೇಲೆ ಅವಳ ಕಾಗದಪತ್ರಗಳನ್ನು ತೆಗೆದು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದ. ಎಲ್ಲವೂ ಸರಿಯಾಗಿತ್ತು, ಸರಿಯಾಗಿತ್ತೆಂಬುದೇ ಅವನಿಗೆ ಸರಿಬರಲಿಲ್ಲ. ಕಳ್ಳನಾದವನು ಕಾಗದವನ್ನು ಅಚ್ಚುಕಟ್ಟಾಗಿ ಇಡದೆ ಇರುತ್ತಾನೆಯೇ? ಆದರೆ ಹಾಗೊಂದು ವೇಳೆ ಮೊದಲೇ ಬಿಚ್ಚಿದ್ದರೆ ತಾನು ಎರಡು ದಿನ ಕೈಯಾಡಿಸಿದಾಗ ತಿಳಿಯುತ್ತಿರಲಿಲ್ಲವೇ? ಈಗಿನ ಗಾಡಿಗಳ ಶಕ್ತಿಯನ್ನು ಕುಗ್ಗಿಸುವುದೂ ಹಿಗ್ಗಿಸುವುದೂ ಎಲ್ಲ ಕಂಪ್ಯೂಟರಿನಿಂದಲೇ ಎಂದು ಅವನು ಕೇಳಿದ್ದ. ಕಂಪ್ಯೂಟರು ಅವನಿಗೆ ಬಾರದು. ಬಾರದ ಕಡೆಯಲ್ಲಿಯೇ ಕಳ್ಳನಿರಬೇಕು.

ಮಂಗಳವಾರ ಸಂಜೆ ಆ ಕಳ್ಳ ಅವನ ಶೆಡ್ಡಿಗೇ ಬಂದ. ಲ್ಯಾಕಿ ಎಂಬ ಹುಡುಗ, ಟ್ಯಾಮ್ಸಿನ್‌ಳ ಗೆಳೆಯ, ಬಂದರಿನ ಕಾಳುಗೋದಾಮಿನಲ್ಲಿ ಕೆಲಸ. ಅವನ ತೊಡೆಯ ಮೇಲೆ ಲ್ಯಾಪ್‌ಟಾಪು; ಅದರಿಂದ ಹೊರಟ ಕಪ್ಪು ತಂತಿ ಟ್ಯಾಮ್ಸಿನ್‌ಳ ಬೈಕಿನ ಸೀಟಿನಡಿಗೆ ಇಳಿದಿತ್ತು. ಇಬ್ಬರೂ ಏನನ್ನೋ ಹೇಳಿಕೊಂಡು ನಗುತ್ತಿದ್ದರು. ಕ್ಲೆಮ್ ಬಾಗಿಲಿಗೆ ಬಂದೊಡನೆ ನಗು ನಿಂತಿತು.

“ಏನದು?”

“ಸರ್ವೀಸ್ ದೀಪ ಆರಿಸ್ತಿದೀನಿ, ನ್ಯಾಂಕಿವೆಲ್ಲವರೇ. ಸುಮ್ನೆ ಮಿಣುಕ್ತಾ ಇತ್ತು” ಎಂದ ಲ್ಯಾಕಿ.

“ದೀಪ ಆರಿಸೋಕೆ ಇಷ್ಟೊತ್ತು ಬೇಕಾ?”

“ತಾತ, ನಿಂಗೆ ಬೇಗ ಆಗುತ್ತೆ ಅಂದ್ರೆ ನೀನೇ ಮಾಡು” ಎಂದು ಟ್ಯಾಮ್ಸಿನ್ ನಕ್ಕಳು. “ಸುತ್ತಿಗೆಯಿಂದ ಹೊಡೆದ್ರೆ ಆರುತ್ತಾ ನೋಡು.”

ಅವನು ನಗಲಿಲ್ಲ. ಆ ತಂತಿಯ ಕಡೆಗೇ ದೃಷ್ಟಿ ನೆಟ್ಟು ನಿಂತ. ಲ್ಯಾಕಿ ತಂತಿ ಸುತ್ತಿಕೊಂಡು ಹೊರಟ ರೀತಿಯಲ್ಲಿ, ಟ್ಯಾಮ್ಸಿನ್ ಸೀಟನ್ನು ಒತ್ತಿ ಮುಚ್ಚಿದ ಆತುರದಲ್ಲಿ, ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಂತಾಯಿತು.

ಬುಧವಾರ ಅವಳ ವಾರದ ರಜೆ. ಅವಳು ಅಂಗಡಿಗೆ ನಡೆದುಹೋದದ್ದನ್ನು ನೋಡಿಕೊಂಡು ಕ್ಲೆಮ್ ಅವಳ ಬೀಗದ ಕೈಯನ್ನು ಗೂಟದಿಂದ ತೆಗೆದು ಪೋರ್ಟ್ ಹ್ಯೂಸ್‌ನ ದಾರಿ ಹಿಡಿದ. ಉಪ್ಪುಗಿಡಗಳ ನಡುವೆ ನೇರವಾಗಿ ಚಾಚಿದ ಆ ರಸ್ತೆಯಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ, ಕೊನೆಯವರೆಗೆ ತಿರುಗಿಸಿದ. ಗಾಡಿ ತಡವರಿಸದೆ ಮುನ್ನುಗ್ಗಿತು. ತನ್ನ ಗಾಡಿಯೇ ಇದು ಎನ್ನುವಷ್ಟು. ಅವನು ಬ್ರೇಕು ಒತ್ತಿ ದಾರಿಯಂಚಿನಲ್ಲಿ ನಿಂತ. ಲ್ಯಾಕಿ ಮಾಡಿರಬಹುದು, ಆದರೆ ಮಾಡಿಸಿದವಳು? ತನ್ನ ಮಡಿಲಲ್ಲಿ ಕುಳಿತು ಸ್ಪಾನರುಗಳ ಅಳತೆ ಕಲಿತವಳು, ಈಗ ತನ್ನ ಕಣ್ಣೆದುರಿಗೇ ತನ್ನ ಶೆಡ್ಡಿನಲ್ಲೇ ಕಾನೂನು ಮುರಿದು, ಊಟದ ಮೇಜಿನಲ್ಲಿ ಉಪ್ಪು ಕೊಡು ತಾತ ಎನ್ನುತ್ತಾಳೆ.

ಅವನು ಬೀಗದ ಕೈಯನ್ನು ಗೂಟಕ್ಕೆ ಹಾಕದೆ ಜೇಬಿಗೆ ಹಾಕಿಕೊಂಡ.

ವೆರ್ನಾ ಅಡುಗೆಮನೆಯಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿಗಳ ಅಂಚು ಮಡಚುತ್ತಿದ್ದಳು. ಗಂಡನ ಮುಖ ನೋಡಿ ಕೈ ನಿಲ್ಲಿಸಿದಳು.

“ನಾಲ್ಕು ದಿನದಿಂದ ನೋಡ್ತಾ ಇದೀನಿ. ಬೆಕ್ಕು ಇಲಿ ಬಿಲ ಕಾಯೋ ಹಾಗೆ ಆ ಹುಡುಗೀನ ಕಾಯ್ತಾ ಇದೀಯ. ಕೇಳೋಕೆ ಬಾಯಿಲ್ವಾ ನಿಂಗೆ?”

“ಕೇಳಿದ್ರೆ ಸುಳ್ಳು ಹೇಳ್ತಾಳೆ.”

“ಕೇಳೋಕ್ಮುಂಚೇನೇ ಉತ್ತರ ಗೊತ್ತಾಗಿಬಿಟ್ಟಿದೆ, ಭೇಷ್! ಜಡ್ಜ್ ಆಗಬೇಕಿತ್ತು ನೀನು. ಗ್ರೀಸು ಮೆತ್ಕೊಂಡು ಸುಮ್ನೆ ಕಾಲ ಹಾಳ್ಮಾಡ್ದೆ.”

ಗುರುವಾರ ಬೆಳಗ್ಗೆ ಟ್ಯಾಮ್ಸಿನ್ ಬೀಗದ ಕೈಗಾಗಿ ಮನೆಯೆಲ್ಲ ತಡಕಾಡಿದಳು. ಏಳೂವರೆಗೆ ಪಾಸ್ಕ್‌ವಿಲ್ಲಿನ ಮುದುಕಿಗೆ ಇನ್ಸುಲಿನ್ ಚುಚ್ಚಬೇಕಾಗಿತ್ತು. ಕೊನೆಗೆ ಅಜ್ಜಿಯ ಕಾರು ತೆಗೆದುಕೊಂಡು ಹೋದಳು. ಸಂಜೆ ಮರಳಿ ಬಂದಾಗ ಕ್ಲೆಮ್ ಶೆಡ್ಡಿನಲ್ಲಿ, ಎರಡು ಬೈಕುಗಳ ನಡುವೆ, ಮಣೆಯ ಮೇಲೆ ಕುಳಿತಿದ್ದ. ಬೀಗದ ಕೈ ಅವನ ಅಂಗೈಯಲ್ಲಿತ್ತು.

“ನೀನು ತಗೊಂಡಿದ್ಯಾ?” ಅವಳ ದನಿ ಏರಿತು. “ಆ ಅಜ್ಜಿ ಇಪ್ಪತ್ತು ನಿಮಿಷ ಕಾದ್ಲು ತಾತ. ಊಟ ಮಾಡೋ ಹಾಗಿಲ್ಲ, ಏನೂ ಇಲ್ಲ.”

“ಈ ಗಾಡಿ ಬಿಚ್ಚಿಸಿದೀಯ.”

“ಏನು?”

“ಶಕ್ತಿ ಬಿಚ್ಚಿಸಿದೀಯ. ಆ ಹುಡುಗನ ಕೈಲಿ, ಕಂಪ್ಯೂಟರ್ ಹಾಕಿ. ನಾನೇ ಓಡಿಸಿ ನೋಡಿದೆ. ನಾಳೆ ಬೆವನ್ ಪೊಲೀಸರಿಗೆ ಹೇಳ್ತಾನೆ. ಪರವಾನಗಿ ಹೋಗುತ್ತೆ, ಕೆಲಸ ಹೋಗುತ್ತೆ. ಅದಕ್ಕೂ ಮೊದಲು ನೀನೇ ಒಪ್ಕೊ. ನಂಗೆ ಅಷ್ಟು ಸಾಕು.”

ಟ್ಯಾಮ್ಸಿನ್ ಕೆಲಸದ ಚೀಲವನ್ನು ನೆಲಕ್ಕಿಟ್ಟಳು. ಅವಳಿಗೆ ಅಳು ಬರಲಿಲ್ಲವೆಂಬುದನ್ನೂ ಕ್ಲೆಮ್ ಗಮನಿಸಿ, ಅದನ್ನೂ ಅವಳ ವಿರುದ್ಧದ ಸಾಕ್ಷಿಗೆ ಸೇರಿಸಿಕೊಂಡ.

“ನಾನು ಈ ಗಾಡೀದು ಒಂದು ಸ್ಕ್ರೂ ಕೂಡ ಮುಟ್ಟಿಲ್ಲ” ಎಂದಳು ಅವಳು ನಿಧಾನವಾಗಿ. “ಮುಟ್ಟೋಕೆ ನೀನು ಬಿಟ್ಟಿದ್ಯಾ? ಎಣ್ಣೆ ಹಾಕೋಕೂ ನೀನೇ ಬೇಕು. ಲ್ಯಾಕಿ ದೀಪ ಆರಿಸ್ದ. ನಾವು ನಗ್ತಿದ್ದಿದ್ದು ಯಾಕೆ ಗೊತ್ತಾ? ಎರಡು ದಿನದಿಂದ ನೀನು ಕಿಟಕಿ ಹಿಂದೆ ನಿಂತು ನಮ್ಮನ್ನ ನೋಡ್ತಿದ್ದಕ್ಕೆ.”

“ಮಾತು ತಿರುಗಿಸಬೇಡ.”

“ಸರಿ. ಬಿಚ್ಚು. ಈಗ್ಲೇ. ನನ್ನ ಕಣ್ಣೆದುರಿಗೇ ಟ್ಯಾಂಕ್ ತೆಗಿ. ಐವತ್ತು ವರ್ಷದ ಮೆಕ್ಯಾನಿಕ್ ಅಲ್ವಾ ನೀನು? ನಾನು ಎಲ್ಲಿ ಕೈ ಹಾಕಿದೀನಿ ತೋರ್ಸು.”

ಸೂರ್ಯ ಇನ್ನೂ ಮುಳುಗಿರಲಿಲ್ಲ. ತಗಡಿನ ಸಂದುಗಳಿಂದ ಬೆಳಕು ಒಳಗೆ ಬರುತ್ತಿತ್ತು. ಕ್ಲೆಮ್ ಎದ್ದು ಕೆಲಸಕ್ಕೆ ಕೈ ಹಾಕಿದ. ಸೀಟು ತೆಗೆದ, ಪೆಟ್ರೋಲ್ ಟ್ಯಾಂಕನ್ನು ಎತ್ತಿ ಮಣೆಯ ಮೇಲಿಟ್ಟ, ಗಾಳಿಯ ಜಾಲರಿಯ ಡಬ್ಬಿಯನ್ನು ಬಿಚ್ಚಿದ. ಕೆಳಗೆ ಎಂಜಿನ್ನಿಗೆ ಗಾಳಿ ಬಿಡುವ ಎರಡು ಬಾಯಿಗಳು, ಅವುಗಳ ಬಿಲ್ಲೆಗಳನ್ನು ತೆರೆದು ಮುಚ್ಚುವ ಚಕ್ರ ಕಾಣಿಸಿದವು. ಟ್ಯಾಮ್ಸಿನ್ ಫೋನಿನ ದೀಪ ಹಿಡಿದಳು. ಇನ್ನೊಂದು ಕೈಯಲ್ಲಿ ಕಂಪನಿಯ ಕೈಪಿಡಿಯ ಪುಟ ಮಗುಚಿ ಅದರ ಚಿತ್ರವನ್ನು ಹುಡುಕಿದಳು.

“ಇಲ್ಲಿ ನೋಡು” ಎಂದಳು. “ಕಲಿಯೋರ ಗಾಡೀಲಿ ಆ ಚಕ್ರದ ಪಕ್ಕ ಒಂದು ಉಕ್ಕಿನ ಚೂರು ಇರ್ಬೇಕಂತೆ. ಅದು ಅಡ್ಡ ಬಂದು ಬಿಲ್ಲೆ ಪೂರ್ತಿ ತೆರೆಯೋಕೆ ಬಿಡಲ್ಲ. ಈ ಗಾಡೀಲಿ ಶಕ್ತಿ ಕಟ್ಟೋದು ಅಷ್ಟೇ. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ.”

ಚಿತ್ರದಲ್ಲಿ ಚೂರು ಇದ್ದ ಜಾಗದಲ್ಲಿ ಈಗ ಬರಿಯ ಸ್ಕ್ರೂ ಇತ್ತು. ಬೆಳಕು ಅದರ ತಲೆಯ ಮೇಲೆ ಬಿತ್ತು.

ಅಲ್ಲಿ ಹಳದಿ ಬಣ್ಣದ ಒಂದು ಗೀರು.

ಕ್ಲೆಮ್ ಕನ್ನಡಕವನ್ನು ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಗೀರು ಅಲ್ಲೇ ಇತ್ತು. ಆಗ ಸೆಪ್ಟೆಂಬರಿನ ಆ ಮಧ್ಯಾಹ್ನ ಅವನ ಬೆರಳುಗಳಿಗೆ ನೆನಪಾಯಿತು. ಮೊದಲು ಆಕ್ಸಿಲರೇಟರ್ ತಿರುಗಿಸಿ ನೋಡಿದ್ದು. ಅದು ಮುಕ್ಕಾಲಿಗೆ ಬಂದು ಗಡಸಾಗಿ ನಿಂತದ್ದು. ಅಡ್ಡ ನಿಂತಿದ್ದ ತುಂಡು ಉಕ್ಕನ್ನು ಕಂಡು, ಯಾವ ಅಡ್ನಾಡಿ ಮೆಕ್ಯಾನಿಕ್ಕು ಇದನ್ನಿಲ್ಲಿ ಸಿಕ್ಕಿಸಿ ಹೋಗಿದ್ದಾನೆ ಎಂದು ಬೈದುಕೊಂಡು ಬಿಚ್ಚಿ ಚೂರುಪಾರಿನ ಡಬ್ಬಿಗೆ ಎಸೆದದ್ದು. ಪಕ್ಕದ ತನ್ನ ಗಾಡಿಯಂತೆಯೇ ನಿರಾತಂಕವಾಗಿ ತಿರುಗಿದಾಗ ಸಂತೋಷಪಟ್ಟದ್ದು. ಅದು ಎಷ್ಟು ಸಹಜವಾದ ಕೆಲಸವಾಗಿತ್ತೆಂದರೆ ತಲೆ ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಅವನು ಗೋಡೆಯ ಹಲಗೆಯಿಂದ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಇಳಿಸಿ, ತುಕ್ಕು ಹಿಡಿದ ಮೊಳೆ, ಬಿಲ್ಲೆಗಳ ನಡುವೆ ಕೈಯಾಡಿಸಿದ. ಉಗುರಿನಷ್ಟು ಗಾತ್ರದ ಆ ಚೂರು ಸಿಕ್ಕಿತು.

“ನಾನೇ” ಎಂದ.

ಟ್ಯಾಮ್ಸಿನ್ ಫೋನಿನ ದೀಪ ಆರಿಸಿದಳು. “ಕೇಳ್ಬಹುದಿತ್ತು ತಾತ. ಭಾನುವಾರನೇ ಕೇಳ್ಬಹುದಿತ್ತು” ಎಂದಷ್ಟೇ ಹೇಳಿ ಮನೆಯೊಳಗೆ ಹೋದಳು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಕ್ಲೆಮ್ ಬೆವನ್‌ನ ಬಾಗಿಲು ತಟ್ಟಿ, ಚೂರನ್ನು ಅವನ ಅಂಗೈಗೆ ಹಾಕಿದ. ಬೆವನ್ ಕಥೆ ಕೇಳಿ ಮೊದಲು ಹೊಟ್ಟೆ ಹಿಡಿದು ನಕ್ಕ.

“ಅಯ್ಯೋ ದೇವರೇ! ಕಳ್ಳನ್ನ ಊರೆಲ್ಲ ಹುಡುಕಿ ಕೊನೆಗೆ ಕನ್ನಡೀಲಿ ಹಿಡಿದೆ ಅನ್ನು!” ಆಮೇಲೆ ಗಂಭೀರನಾದ. “ಆದ್ರೆ ಕ್ಲೆಮ್, ಓಡಿಸಿದವಳು ಅವಳು. ಕಾನೂನು ಯಾರ ಕೈ ಅಂತ ಕೇಳಲ್ಲ. ನಾನು ಸುಮ್ನಿದ್ರೂ ನಾಳೆ ಇನ್ಯಾರೋ ಬಾಯಿಬಿಡ್ತಾರೆ. ಕ್ಲಬ್ಬಿನೋರೆಲ್ಲ ನೋಡಿದಾರೆ.”

“ಗೊತ್ತು. ಅದಕ್ಕೇ ನಾನೇ ಹೋಗ್ತಿದೀನಿ.”

ಬೈಕನ್ನು ಟ್ರೇಲರಿನ ಮೇಲೆ ಕಟ್ಟಿಕೊಂಡು ಅವನು ಕಡೀನಾ ಠಾಣೆಗೆ ಹೋದ. ಮೇಜಿನ ಹಿಂದಿದ್ದ ಯುವ ಪೊಲೀಸ್ ಅಧಿಕಾರಿಣಿ ಎಲ್ಲವನ್ನೂ ಬರೆದುಕೊಂಡಳು. ಹಳದಿ ಗೀರನ್ನು ಅವನು ತೋರಿಸಿದಾಗ ಬಗ್ಗಿ ನೋಡಿದಳು.

“ನೀವಾಗೇ ಬಂದ್ರಿ, ಅದು ಒಳ್ಳೇದಾಯ್ತು. ಚೂರು ವಾಪಸ್ ಹಾಕ್ಸಿ, ಸರಿಯಿದೆ ಅಂತ ಒಬ್ಬ ಮೆಕ್ಯಾನಿಕ್ ಬರೆದುಕೊಟ್ಟ ಪತ್ರ ತನ್ನಿ. ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತೀನಿ. ಮೊಮ್ಮಗಳ ಪರವಾನಗಿಗೆ ತೊಂದ್ರೆ ಇಲ್ಲ.”

“ಪತ್ರ ಈಗ್ಲೇ ಬರೆದುಕೊಡ್ತೀನಿ” ಎಂದು ಕ್ಲೆಮ್ ಜೇಬಿನಿಂದ ಪೆನ್ನು ತೆಗೆದ.

“ನಿಮ್ಮದು ಆಗಲ್ಲ ತಾತ. ನೀವು ನಿವೃತ್ತರು. ಅದೂ ಅಲ್ದೆ…” ಅವಳು ವಾಕ್ಯ ಮುಗಿಸಲಿಲ್ಲ, ಸೌಜನ್ಯವಿದ್ದ ಹುಡುಗಿ.

ಆದ್ದರಿಂದ ಕ್ಲೆಮ್ ನ್ಯಾಂಕಿವೆಲ್ ಅದೇ ಬೀದಿಯ ಬೈಕು ಅಂಗಡಿಯೊಂದರಲ್ಲಿ, ಇಪ್ಪತ್ನಾಲ್ಕು ವರ್ಷದ ಮೆಕ್ಯಾನಿಕ್ಕನೊಬ್ಬ ಆ ಚೂರನ್ನು ಬಿಗಿಯುವುದನ್ನು ಗಿರಾಕಿಗಳ ಬೆಂಚಿನ ಮೇಲೆ ಕುಳಿತು ನೋಡಿದ. ಹುಡುಗ ಸ್ಕ್ರೂವಿನ ಹಳದಿ ಬಣ್ಣವನ್ನು ಬಟ್ಟೆಯಿಂದ ಉಜ್ಜಿ ಒರೆಸಿದ. ಪತ್ರವನ್ನು ಠಾಣೆಯಲ್ಲಿ ಕೊಟ್ಟು, ಎಚ್ಚರಿಕೆಯ ಕಾಗದವನ್ನು ತಂದು, ಬೀಗದ ಕೈಯ ಜೊತೆಯಲ್ಲಿ ಗೂಟಕ್ಕೆ ಸಿಕ್ಕಿಸಿದ. ಶನಿವಾರ ಬೆಳಗ್ಗೆ ಟ್ಯಾಮ್ಸಿನ್ ಎರಡನ್ನೂ ತೆಗೆದುಕೊಂಡು, ಅವನ ಕಡೆ ನೋಡದೆ, ಕೆಲಸಕ್ಕೆ ಹೋದಳು.

ಭಾನುವಾರ ಮಧ್ಯಾಹ್ನ ವೆರ್ನಾ ಯಾರನ್ನೂ ಕೇಳದೆ ಬೆವನ್‌ನನ್ನೂ ಲ್ಯಾಕಿಯನ್ನೂ ಊಟಕ್ಕೆ ಕರೆದಿದ್ದಳು. ಬಿಸಿ ಪ್ಯಾಸ್ಟಿಗಳು ಮೇಜಿಗೆ ಬಂದವು. ಕ್ಲೆಮ್ ಮೊದಲನೆಯದನ್ನು ತನ್ನ ಕೈಯಾರೆ ಲ್ಯಾಕಿಯ ತಟ್ಟೆಗಿಟ್ಟು, “ನಿನ್ನ ಮೇಲೆ ತಪ್ಪು ತಿಳ್ಕೊಂಡಿದ್ದೆ ಮಗಾ” ಎಂದ. ಲ್ಯಾಕಿ ಕಿವಿಯವರೆಗೂ ಕೆಂಪಾಗಿ, “ಪರವಾಗಿಲ್ಲ ಬಿಡಿ, ನಮ್ಮಮ್ಮ ದಿನಾ ತಿಳ್ಕೋತಾಳೆ” ಎಂದುಬಿಟ್ಟ. ಬೆವನ್ ನಕ್ಕ. ನಗು ಅಲ್ಲಿಗೇ ನಿಂತಿತು.

ಚಹಾ ಬಂತು. ಈ ಮನೆಯ ಹೊಸ ಅತಿಥಿಯೊಬ್ಬ ಮೇಜಿನಲ್ಲಿದ್ದರೂ ಕ್ಲೆಮ್ ಮಾತು ಆರಂಭಿಸಲಿಲ್ಲ. ಬಟ್ಟಲಿನ ಅಂಚನ್ನು ನೋಡುತ್ತ, ಸಕ್ಕರೆ ಹಾಕಿರದ ಚಹಾವನ್ನು ಕಲಕುತ್ತ ಕುಳಿತ. ತಾನು ಮಾಡಿದ ಕೆಲಸಗಳ ಬಗ್ಗೆ ಮಾತಾಡುವ ಹಕ್ಕು ತನಗೆ ಇನ್ನು ಇದೆಯೇ ಎಂಬುದೇ ಅವನಿಗೆ ಸಂಶಯವಾಗಿತ್ತು. ಗೊಣಗಲು ಸಿದ್ಧಳಾಗಿ ಕುಳಿತಿದ್ದ ವೆರ್ನಾ ಕೂಡ ಏನು ಮಾಡಬೇಕೆಂದು ತೋಚದೆ ಗಂಡನ ಮುಖ ನೋಡಿದಳು.

ಮೂರು ದಿನಗಳಿಂದ ಅವನೊಡನೆ ಒಂದು ಮಾತನ್ನೂ ಆಡದಿದ್ದ ಟ್ಯಾಮ್ಸಿನ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಸಕ್ಕರೆಯ ಬಟ್ಟಲನ್ನು ಅವನ ಕಡೆಗೆ ತಳ್ಳಿದಳು.

“ತಾತ, ಲ್ಯಾಕಿ ಕೇಳೇ ಇಲ್ಲ. ಆಲಿಸ್‌ಗೆ ಹೋಗಿದ್ದು ಹೇಳು.”

“ನೀನು ನೂರು ಸಲ ಕೇಳಿದೀಯಲ್ಲೇ.”

“ಇನ್ನೊಂದ್ಸಲ ಹೇಳು.”